ಅಜ್ಜಿ ಬೈದ ಕಾಕ್‌ಟೇಲ್

ಮೊನ್ನೆ ಹಾಸನದಲ್ಲಿ ಗೆಳತಿಯ ಗಂಡ ಮೊಬೈಲು ನೋಡಿಕೊಂಡು ಕಾಕ್‌ಟೇಲ್ ಬೆರೆಸುತ್ತಿದ್ದ. ಜಜ್ಜಿದ ಶುಂಠಿ, ನಿಂಬೆರಸ, ರಮ್ಮು, ಮೂರರ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿದಿದ್ದೇ ತಡ, ನಾನು ಹೊಳೆನರಸೀಪುರದ ನಮ್ಮ ಹಳೇ ಮನೆಯ ಹಜಾರದಲ್ಲಿದ್ದೆ. ಆ ಮನೆ ಈಗಿಲ್ಲ. ಅಲ್ಲೊಂದು ಕಲ್ಯಾಣಮಂಟಪ ಎದ್ದು ನಿಂತಿದೆ, ನೋಡಿದರೆ ಮೈಯೆಲ್ಲ ಉರಿಯುತ್ತದೆ.

ಮಿಲಿಟರಿಯಿಂದ ರಿಟೈರಾಗಿ ಬಂದ ಚಿಕ್ಕಪ್ಪ ಭಾನುವಾರ ಮಧ್ಯಾಹ್ನ ಆ ಹಜಾರದಲ್ಲಿ ಕೂತು, ರಮ್ಮಿಗೆ ಶುಂಠಿ ಜಜ್ಜಿ ಹಾಕಿ, ನಿಂಬೆ ಹಿಂಡಿ, ಒಂದೇ ಒಂದು ಲೋಟ ಬೆರೆಸಿಕೊಳ್ಳುತ್ತಿದ್ದ. ಆಫೀಸರುಗಳ ಮೆಸ್ಸಿನಲ್ಲಿ ವರ್ಷಗಟ್ಟಲೆ ಇದೇ ಕೆಲಸ ಮಾಡಿದವನು. ಬಂದ ಮೊದಲ ವಾರವೇ ಬಾಟಲಿ ಕಂಡ ಅಜ್ಜಿ, "ಕುಡಿಯೋನ್ ಜೊತೆ ನಂಗೆ ಮಾತಿಲ್ಲ" ಎಂದು ಬಾಯಿಗೆ ಬೀಗ ಹಾಕಿಕೊಂಡಳು. ಮುದ್ದೆ ಬಡಿಸುತ್ತಿದ್ದಳು, ಉಣ್ಣು ಅಂತ ಮಾತ್ರ ಅನ್ನುತ್ತಿರಲಿಲ್ಲ. ಎದುರೆದುರು ಕೂತ ತಾಯಿ ಮಗನ ನಡುವೆ ಎಂಟು ವರ್ಷದ ನಾನು ಅಂಚೆಯವಳು. "ನಿಮ್ ಚಿಕ್ಕಪ್ಪನ್ನ ಕೇಳೇ, ಉಪ್ಪು ಬೇಕಾ ಅಂತ." "ನಿಮ್ಮಜ್ಜಿಗೆ ಬ್ಯಾಡ ಅನ್ನು." ಹೀಗೆ ಠೂ ಬಿಟ್ಟವರು ನಿಮ್ಮ ಮನೆಯಲ್ಲೂ ಇದ್ದಿದ್ದರೆ ನನ್ನ ಪಾಡು ನಿಮಗೆ ಅರ್ಥವಾದೀತು. ಕುಡಿಯೋದು ಬಿಡಲು ಅವನು ತಯಾರಿಲ್ಲ, ಮಾತಾಡಲು ಅವಳು ತಯಾರಿಲ್ಲ. ಆದರೂ ಊಟಕ್ಕೆ ಕೂತಾಗಲೆಲ್ಲ ಚಿಕ್ಕಪ್ಪ ಅಜ್ಜಿಯ ಮುಖವನ್ನೇ ನೋಡುತ್ತಿದ್ದ. ಒಂದು ಮಾತಿಗೆ ಕಾಯುತ್ತಿದ್ದ ಪಾಪ.

ಒಂದು ಭಾನುವಾರ ಅವನು ರಮ್ಮಿಗೆ ನಿಂಬೆಹಣ್ಣನ್ನು ಬೀಜ ಸಮೇತ ಹಿಂಡಿದ. ರಾಮನವಮಿ ಪಾನಕಕ್ಕೆ ಇಡೀ ಬೀದಿಯಲ್ಲಿ ಹೆಸರಾದವಳು ನಮ್ಮಜ್ಜಿ. ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದಳು, ಕೈ ಕೈ ಹಿಸುಕಿಕೊಂಡಳು. "ಬೀಜ ಅಂಗೇ ಬಿಟ್ರೆ ಕಯಿ ಆಗಾಕಿಲ್ವಾ ಅಂತ ಕೇಳೇ ಅವನ್ನ" ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಪ್ಪ ಅರ್ಧ ಅಚ್ಚು ಬೆಲ್ಲವನ್ನು ಕಲ್ಲು ಕಸದ ಸಮೇತ ಲೋಟಕ್ಕೆ ತುರುಕಿದ. ಅಷ್ಟೇ! ಅಜ್ಜಿ ಸೌಟು ಹಿಡಿದುಕೊಂಡು ಬಂದೇಬಿಟ್ಟಳು.

"ಅಯ್ಯೋ ನಿನ್ ಕೈ ಸೇದೋಗ! ಬೆಲ್ಲ ಸೋಸಾಕ್ಲಾ! ಮಣ್ಣು ಕುಡೀತೀಯೇನ್ಲಾ?"

ಚಿಕ್ಕಪ್ಪ ಲೋಟ ಕೆಳಗಿಟ್ಟ. "ಅವ್ವಾ, ನನ್ ಜೊತೆ ಮಾತಾಡ್ಬುಟ್ಟೆ ಕಣವ್ವ."

"ನಾನ್ ಬೆಲ್ಲದ ಜೊತೆ ಮಾತಾಡ್ದೆ" ಎಂದ ಅಜ್ಜಿ ಲೋಟ ಕಿತ್ತುಕೊಂಡು, ಮೂಗಿಗೆ ಸೆರಗು ಮುಚ್ಚಿಕೊಂಡು, ತಾನೇ ಸೋಸಿ ಕೊಟ್ಟಳು. ಚಿಕ್ಕಪ್ಪ ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡ.

ಅಲ್ಲಿಂದ ಪ್ರತಿ ಭಾನುವಾರ ಅದೇ ತಪ್ಪು, ಅದೇ ಬೈಗುಳ. "ಮಿಲಿಟ್ರೀಲಿ ಅದೇನ್ ಕಲ್ತ್ಯೋ, ದಂಡಪಿಂಡ!" ಮಿಕ್ಕ ಆರು ದಿನ ಅಂಚೆ ಕೆಲಸ ನನಗೇ. ಎಷ್ಟು ಹೇಳಿಸಿಕೊಂಡರೂ ಕಲಿಯದ ಚಿಕ್ಕಪ್ಪನನ್ನು ನಾನೂ ಶತದಡ್ಡ ಎಂದೇ ನಂಬಿದ್ದೆ.

ಅಜ್ಜಿ ತೀರಿಹೋದ ವರ್ಷ ಪಿತೃಪಕ್ಷದಲ್ಲಿ ಅವಳಿಗೆ ಎಡೆ ಇಟ್ಟೆವು. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ಅವರು ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿ ಹೊರಗೆ ಕಾಯುವುದು ನಮ್ಮಲ್ಲಿನ ಪದ್ಧತಿ. ಮುದ್ದೆ, ಬಸ್ಸಾರು, ಕಜ್ಜಾಯ ಎಲ್ಲ ಆದ ಮೇಲೆ ಚಿಕ್ಕಪ್ಪ ಒಂದು ಲೋಟ ಪಾನಕ ತಂದಿಟ್ಟ. ರಮ್ಮಿರಲಿಲ್ಲ. ನಿಂಬೆ ಬೀಜಗಳು ತೇಲುತ್ತಿದ್ದವು, ತಳದಲ್ಲಿ ಬೆಲ್ಲದ ಮಣ್ಣು ಕೂತಿತ್ತು.

"ಅಜ್ಜಿಗೆ ಇಂಥಾದ್ದನ್ನ ಇಡ್ತಾರಾ ಚಿಕ್ಕಪ್ಪಾ? ಕೊಡು, ಸೋಸ್ತೀನಿ" ಎಂದೆ.

"ಮುಟ್ಟಬ್ಯಾಡ ಕಣವ್ವ. ಸರಿಯಾಗಿ ಬೆರ್ಸಾಕೆ ನಂಗ್ ಬರಾಕಿಲ್ವಾ?" ಎಂದು ಬಾಗಿಲು ಮುಂದೆ ಮಾಡಿದ. "ಉಣ್ಣಾಕ್ ಬಾರ್ದೇ ಇದ್ರೂ, ಬಯ್ಯಾಕಾದ್ರೂ ಬತ್ತಾಳೆ."

ಆಮೇಲೆ ಜಗಲಿಯ ಮೇಲೆ, ಬಾಗಿಲಿಗೆ ಕಿವಿಗೊಟ್ಟು ಕೂತ.