ಕ್ಯಾರಿಯರ್‌ಗೆ ಕೇಳದ ಪ್ರಶ್ನೆ

ಕಳೆದ ವಾರ ಕಚೇರಿಯಲ್ಲಿ, ಮೆಸ್ಸಿನಿಂದ ತರಿಸಿದ್ದ ಊಟದ ಕ್ಯಾರಿಯರ್‌ನ ಮುಚ್ಚಳ ತೆರೆದಾಗ ಹೊಮ್ಮಿದ ಬಿಸಿ ಸಾಂಬಾರಿನ ಪರಿಮಳವು ನನ್ನ ಕಂಪ್ಯೂಟರ್ ಬೋಧಕಿಯವರನ್ನು ನೆನಪಿಗೆ ತಂದಿತೆಂಬುದನ್ನು ಓದುಗರ ಅವಗಾಹನೆಗೆ ವಿನಮ್ರವಾಗಿ ತರಬಯಸುತ್ತೇನೆ. ಲೇಖನ ಬರೆಯುತ್ತಿರುವುದು ಇದೇ ಮೊದಲು. ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರಿಕೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ತಾಂಬರಂನಿಂದ ಎಲೆಕ್ಟ್ರಿಕ್ ರೈಲು ಹಿಡಿದು ತ್ರಿಪ್ಲಿಕೇನ್‌ನ ತರಬೇತಿ ಕೇಂದ್ರವೊಂದಕ್ಕೆ ಹೋಗುತ್ತಿದ್ದೆನು. ಕೆಳಗೆ ಮೆಸ್ಸು, ಮೇಲೆ ತರಗತಿ. ಮೈಸೂರು ಕಡೆಯವರಾದ ಮೇಡಂ ಮನೆಮಾತು ಕನ್ನಡವಾದ ನನ್ನೊಡನೆ ಮಾತ್ರ ಕನ್ನಡದಲ್ಲಿ ಮಾತನಾಡುತ್ತಿದ್ದರು. ನಾನು ತಮಿಳಿನಲ್ಲಿ ಉತ್ತರಿಸಿದರೆ, "ಮನೇಲಿ ಅಮ್ಮನ ಹತ್ರಾನೂ ಹೀಗೇನಾ?" ಎಂದು ಛೇಡಿಸುತ್ತಿದ್ದರು...

ಅಂತಿಮ ಪರೀಕ್ಷೆಗೆ, ಅಂಕಗಳನ್ನು ಪಡೆದು ಫಲಿತಾಂಶದ ಪಟ್ಟಿ ನೀಡುವ ಪ್ರೋಗ್ರಾಂ ಬರೆಯಬೇಕಾಗಿತ್ತು. ಪರೀಕ್ಷಕರು ಒಮ್ಮೆ ಅಂಕಗಳನ್ನು ತಾವೇ ಟೈಪ್ ಮಾಡುವರು. ಇನ್ನೊಮ್ಮೆ ಅಂಕಗಳ ಫೈಲನ್ನೇ ಅದಕ್ಕೆ ಉಣಿಸುವರು. ಎರಡರಲ್ಲಿಯೂ ಸರಿಯಾಗಿ ನಡೆದರೆ ಕೇಂದ್ರದಲ್ಲಿಯೇ ಉದ್ಯೋಗ. ಆ ಉದ್ಯೋಗ ನನಗೆ ಬೇಕೇ ಬೇಕಾಗಿತ್ತು.

ಪರೀಕ್ಷೆಯ ದಿನ ಬೆಳಿಗ್ಗೆ ಫೈಲ್ ಕೊಟ್ಟು ನೋಡಿದರೆ, ಪಟ್ಟಿಯ ಸಾಲುಸಾಲಿಗೂ "ಅಂಕ ನಮೂದಿಸಿ" ಎಂದು, ಟೈಪ್ ಮಾಡುವವರಿಗಾಗಿ ನಾನೇ ಬರೆದಿದ್ದ ಕೋರಿಕೆ ಅಚ್ಚಾಗಿತ್ತು! ಗಾಬರಿಯಿಂದ ಕೋರಿಕೆಯನ್ನೇ ಅಳಿಸಿದೆನು. ಪಟ್ಟಿ ಶುದ್ಧವಾಯಿತು. ಆದರೆ ಟೈಪ್ ಮಾಡಲು ಕುಳಿತ ಗೆಳತಿಯು ಖಾಲಿ ಪರದೆಯನ್ನು ನೋಡುತ್ತ ಕಾದಳು. ಪ್ರೋಗ್ರಾಂ ಅವಳಿಗಾಗಿ ಕಾಯುತ್ತಿತ್ತು. ನನ್ನ ಪ್ರೋಗ್ರಾಂ ನಿದ್ದೆಹೋಗಿದೆಯೆಂದು ಅವಳು ನಕ್ಕಳು. ನನಗೆ ಅಳು ಬಂದಿತ್ತು.

ಮೇಡಂ ನನ್ನನ್ನು ಊಟಕ್ಕೆ ಕೆಳಗೆ ಕರೆದೊಯ್ದರು. ಬಾಳೆಯೆಲೆಯ ಮುಂದೆ ಕುಳಿತೊಡನೆ ಬಡಿಸುವವರು, "ಸಾಂಬಾರ್ ವೇಣುಮಾ?" ಎಂದು ವಿಚಾರಿಸಿದರು. ಬಳಿಕ, ಬಾಗಿಲ ಬಳಿ ಸಾಲಾಗಿಟ್ಟಿದ್ದ ಕ್ಯಾರಿಯರ್‌ಗಳನ್ನು ಮಾತಿಲ್ಲದೆ ಅಳತೆಯಂತೆ ತುಂಬುತ್ತ ಹೋದರು.

"ಅವಕ್ಕೆ ಯಾಕೆ ಬೇಕಾ ಅಂತ ಕೇಳ್ಲಿಲ್ಲ, ಹೇಳು?" ಎಂದರು ಮೇಡಂ.

"ಕ್ಯಾರಿಯರ್ ಉತ್ತರ ಕೊಡಲ್ವಲ್ಲ, ಮೇಡಂ."

"ಮತ್ತೆ ನಿನ್ನ ಪ್ರೋಗ್ರಾಂ ಫೈಲನ್ನ ಯಾಕೆ ಕೇಳ್ತಾ ಕೂತಿತ್ತು, ತಾಯಿ? ಮುಂದೆ ಇರೋದು ಎಲೆಯೋ ಕ್ಯಾರಿಯರೋ, ಮೊದಲು ನೋಡ್ಕೊ ಅಂತ ಅದಕ್ಕೆ ಹೇಳು!"

ಅರ್ಧ ಊಟಕ್ಕೇ ಎದ್ದು ಮೆಟ್ಟಿಲು ಹತ್ತಿ ಓಡಿದೆನು! ಇನ್‌ಪುಟ್ ಬರುತ್ತಿರುವುದು ಟರ್ಮಿನಲ್‌ನಿಂದಲೇ, ಅಂದರೆ ಕೀಬೋರ್ಡಿನ ಮುಂದೆ ಕುಳಿತವರಿಂದಲೇ ಎಂದು ಕಂಪ್ಯೂಟರಿನ ಯುನಿಕ್ಸ್ ವ್ಯವಸ್ಥೆಯನ್ನೇ ಕೇಳುವ ಒಂದು ಸಾಲಿದೆ. ಪಾಠವಾಗಿತ್ತು, ನಾನು ಮರೆತಿದ್ದೆನು. ಹೌದೆಂದು ಉತ್ತರ ಬಂದರೆ ಕೋರಿಕೆ ತೋರಿಸುವುದು. ಇಲ್ಲವೆಂದರೆ ಸುಮ್ಮನೆ ಓದಿಕೊಳ್ಳುವುದು. ಅಷ್ಟೇ! ಮಧ್ಯಾಹ್ನ ಪರೀಕ್ಷಕರು ಟೈಪ್ ಮಾಡಿದಾಗ ಪ್ರೋಗ್ರಾಂ ಸವಿನಯವಾಗಿ ಕೇಳಿತು. ಫೈಲ್ ಕೊಟ್ಟಾಗ ಮೌನವಾಗಿ ಪಟ್ಟಿ ಒಪ್ಪಿಸಿತು. ಉದ್ಯೋಗ ನನ್ನದಾಯಿತು! ಬಾಗಿಲಲ್ಲಿ ನಿಂತಿದ್ದ ಮೇಡಂ, "ಈಗಲಾದ್ರೂ ಊಟ ಮುಗಿಸ್ತೀಯೇನೇ?" ಎಂದರು...

ಕೆಲ ವರ್ಷಗಳಲ್ಲಿ ಅವರು ಮೈಸೂರಿಗೆ ಹಿಂದಿರುಗಿದರು. ಕಾಲವಾದ ಸುದ್ದಿ ನನ್ನನ್ನು ತಲುಪುವಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು...

ಕಳೆದ ವಾರ ಕಚೇರಿಯಲ್ಲಿ ಆ ಕ್ಯಾರಿಯರ್‌ನ ಡಬ್ಬಿಗಳನ್ನು ಒಂದೊಂದಾಗಿ ಬಿಡಿಸಿಟ್ಟು ಒಬ್ಬಳೇ ಕುಳಿತು ಉಂಡೆನು. ಅಳತೆ ಸರಿಯಾಗಿಯೇ ಇತ್ತು. ಸಾಂಬಾರ್ ಬೇಕೇ ಎಂದು ಯಾರೂ ಕೇಳಲಿಲ್ಲ.