ಅವ್ವನ ಲಗ್ನದ ಸೀರೆ

ಗೆಳೆಯರೇ, ಇವತ್ತು ಬನಹಟ್ಟಿಯ ನಮ್ಮ ಮನೆಯಲ್ಲೇ ನನ್ನ ಮರ್ಯಾದೆ ಹೋಯಿತು. ಮದುವೆ ವಿಡಿಯೊಗಳ ಬಣ್ಣ ತಿದ್ದುವುದು ನನ್ನ ಕಸುಬು. ಅಪ್ಪ-ಅವ್ವನ ತೊಂಬತ್ತರ ದಶಕದ ಮದುವೆ ಕ್ಯಾಸೆಟ್ಟಿಗೆ, ಮೊದಲೇ ಸೇವ್ ಮಾಡಿಟ್ಟಿದ್ದ ಬಣ್ಣದ ಹೊಂದಾಣಿಕೆ, ಅಂದರೆ ಪ್ರಿಸೆಟ್ ಒಂದನ್ನು ಹಾಕಿ ತೋರಿಸಿದೆ.

"ಇದು ನನ್ನ ಸೀರಿ ಅಲ್ಲ," ಎಂದಳು ಅವ್ವ.

ನೂಲಿಗೆ ಬಣ್ಣ ಹಾಕುವ ಅಪ್ಪ ಕಂಪ್ಯೂಟರ್ ಪರದೆಯತ್ತ ಇಣುಕಿದ. ನನ್ನ ಪ್ರಿಸೆಟ್‌ಗಳ ಹೆಸರು: ಫೈನಲ್, ಫೈನಲ್ ಎರಡು, ಇದೇ ಫೈನಲ್.

"ಯಾವುದು ಯಾವ ಬಣ್ಣ ಅಂತ ನಿನಗರೆ ಗೊತ್ತೈತೇನಲೇ?" ಎಂದು ತನ್ನ ಡಬ್ಬಿ ತಂದ. ಒಳಗೆ ನೂಲಿನ ತುಣುಕುಗಳು, ಒಂದೊಂದಕ್ಕೂ ಚೀಟಿ. "ಲಗ್ನದ ಸೀರಿ" ಎಂದು ಬರೆದಿದ್ದನ್ನು ತೆಗೆದು ಪರದೆಗೆ ಹಿಡಿದ.

ಅದನ್ನು ನೋಡಿ ತಿದ್ದಿದೆ. ಸೀರೆ ಸರಿಹೋಯಿತು, ಆದರೆ ವಿಡಿಯೊದಲ್ಲಿ ಮದುಮಗನಾಗಿದ್ದ ಅಪ್ಪನ ಮುಖ ಹಸಿರಾಯಿತು.

"ಮಾರಿ ಹೆಂಗರೆ ಇರಲಿ," ಎಂದಳು ಅವ್ವ, "ಸೀರಿ ಖರೆ ಬಂತು. ಸೇವ್ ಮಾಡು."