ಕಾರಿಗೊಂದು ಎಂಜಿನ್, ಜೊತೆಗೊಂದು ಕಲ್ಲು

ನೀರಿಗೆ ಜಲ್ಲಿ ಬೀಳುವ ಸದ್ದನ್ನು ನೀವು ಗಮನವಿಟ್ಟು ಕೇಳಿದ್ದೀರಾ? ಹಿಡಿಯಷ್ಟು ಜಲ್ಲಿ ಸಾಕು. ಬುಳಬುಳನೆ ಉರುಳುತ್ತದೆ, ಒಂದು ಕ್ಷಣ ಸುಮ್ಮನಾಗುತ್ತದೆ, ಆಮೇಲೆ ‘ಚಳ್’ ಎನ್ನುತ್ತದೆ.

ಆ ನಡುವಿನ ಒಂದು ಕ್ಷಣ ಇದೆಯಲ್ಲ, ಅದು ಈಗ ನನ್ನ ಬೆನ್ನು ಬಿದ್ದಿದೆ. ಕ್ಲಾಸಿನಲ್ಲಿ ಪಾಠ ಮಾಡುವಾಗ ಬರುತ್ತದೆ. ಮನೆಯಲ್ಲಿ ಅಕ್ಕಿ ಕೇರುವಾಗ ಬರುತ್ತದೆ. (ಹೆಂಡತಿಗೆ ಹೇಳಿಲ್ಲ. ಇದನ್ನು ಓದಿ ತಿಳಿದುಕೊಳ್ಳುತ್ತಾಳೆ.)

ಚನ್ನಗಿರಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಚಂದ್ರಣ್ಣ ನನ್ನ ಹಳೆಯ ಸ್ನೇಹಿತರು. ಅವರದೊಂದು ಕಾರಿದೆ. ಕಂಪನಿ ಹೆಸರು ಬೇಡ. ಅವರ ತಂದೆ ಕೊಂಡದ್ದು ಎಂದರೆ ವಯಸ್ಸು ಅಂದಾಜಾಯಿತಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಬಂದಾಗ ಹಾರ್ನ್ ಮಾಡುವ ಅಗತ್ಯವಿಲ್ಲ. ಸದ್ದಿಗೇ ಜನ ದಾರಿ ಬಿಡುತ್ತಾರೆ. ಕಾಲಿನ ಬ್ರೇಕನ್ನು ಎರಡು ಮೂರು ಸಲ ತುಳಿದರೆ ಹಿಡಿಯುತ್ತದೆ. ಹ್ಯಾಂಡ್‌ಬ್ರೇಕ್ ಎಷ್ಟು ಎಳೆದರೂ ಹಿಡಿಯುವುದಿಲ್ಲ.

ಅದಕ್ಕೇ ಒಂದು ಕಲ್ಲು.

ಮುಂದಿನ ಸೀಟಿನಲ್ಲಿ ಎಡಗಡೆ ಕೂತವರ ಕಾಲ ಬುಡದಲ್ಲಿ ಅದು ಇರುತ್ತದೆ. ಇಳಿಜಾರಿನಲ್ಲಿ ಕಾರು ನಿಂತರೆ ಅವರು ಕೆಳಗಿಳಿದು ಚಕ್ರಕ್ಕೆ ಕಲ್ಲು ಕೊಡಬೇಕು. ಅಲ್ಲಿ ಕೂತವರು ಸಾಹೇಬರಾಗಲಿ, ಮದುಮಗನಾಗಲಿ, ಇದು ಆ ಸೀಟಿನ ಡ್ಯೂಟಿ. ಆಯುಧಪೂಜೆಯ ದಿನ ಕಾರಿನ ಜೊತೆ ಕಲ್ಲಿಗೂ ಪೂಜೆ. ಮೂರು ಪಟ್ಟೆ ವಿಭೂತಿ, ಮೇಲೊಂದು ಚೆಂಡುಹೂವು. (ಹ್ಯಾಂಡ್‌ಬ್ರೇಕಿಗೆ ಏನೂ ಇಲ್ಲ.)

ಹಬ್ಬ ಮುಗಿದ ಮೇಲೆ ಚಂದ್ರಣ್ಣ, ಅವರ ಹೆಂಡತಿ ಶಾಂತಕ್ಕ ಹೊನ್ನಾಳಿಗೆ ಹೊರಟರು. ಮಗಳಿಗೆ ಒಂದು ಸಂಬಂಧ ಬಂದಿತ್ತು. ಗಂಡಿನ ಮನೆ ನೋಡಿ ಬರಬೇಕು. ‘ಓದಿದೋರು ಒಬ್ರು ಜೊತೆಗಿದ್ರೆ ಮಾತಿಗೆ ಒಂದು ತೂಕ ಇರ್ತೈತೆ, ನೀವೂ ಬರ್ರಿ ಮೇಷ್ಟ್ರೇ’ ಎಂದು ನನ್ನನ್ನೂ ಕರೆದರು. ಹೋದೆ. ಮುಂದಿನ ಸೀಟಿನಲ್ಲಿ, ಎಡಗಡೆ ಕೂತೆ.

ಕೂತ ಕೂಡಲೇ ಹಿಂದಿನಿಂದ ಶಾಂತಕ್ಕ, ‘ಅಯ್ಯೋ, ಕಾಲು ತಾಗೀತ್ರೀ!’ ಎಂದರು.

ಕೆಳಗೆ ನೋಡಿದೆ. ವಿಭೂತಿ ಇನ್ನೂ ಮಾಸಿರಲಿಲ್ಲ. ಪೂಜೆ ಮಾಡಿದ ಕಲ್ಲಿನ ಪಕ್ಕ ಚಪ್ಪಲಿ ಕಾಲು ಇಡುವುದು ಹೇಗೆ? ನನಗೂ ಮುಜುಗರವಾಯಿತು. ಶಾಂತಕ್ಕ ಕಲ್ಲನ್ನು ತೆಗೆಸಿ ಡಿಕ್ಕಿಯಲ್ಲಿ ಇಡಿಸಿದರು. ಅದರ ಮೇಲೆ ಬಾಳೆಗೊನೆ, ತೆಂಗಿನಕಾಯಿ ಚೀಲ, ಉಂಡೆ ತುಂಬಿದ ಡಬ್ಬಿ. ಕಲ್ಲಿಗೆ ಗೌರವ ಸಂದಿತು. ಹೊರಟೆವು.

ಶುಭಕಾರ್ಯಕ್ಕೆ ಹೋಗುವಾಗ ದೇವರಿಗೆ ಕೈಮುಗಿದು ಹೋಗೋಣ ಎಂದು ಸೂಳೆಕೆರೆ ಏರಿಯ ಗುಡಿಯ ದಾರಿ ಹಿಡಿದೆವು. ಈ ಸಲ ಕೆರೆ ತುಂಬಿತ್ತು. ಏರಿಯ ಮೇಲಿನ ಒಂದು ಏರುಮುಖದಲ್ಲಿ ಕಾರು ಮೊದಲು ಕೆಮ್ಮಿತು, ಆಮೇಲೆ ಒಳಗೆ ಏನೋ ಮುರಿದ ಹಾಗೆ ‘ಧಡ್’ ಎಂದು ನಿಂತಿತು. ಬಾನೆಟ್ ಸಂದಿಯಿಂದ ಹೊಗೆ.

ಚಂದ್ರಣ್ಣ ಅಭ್ಯಾಸಬಲದಿಂದ ಗೇರ್ ತೆಗೆದು ಕೀ ತಿರುಗಿಸಿದರು. ಎಂಜಿನ್ ಮಿಸುಕಲಿಲ್ಲ. ಕಾರು ಮಿಸುಕಿತು. ಹಿಂದಕ್ಕೆ.

‘ಕಲ್ಲು, ಮೇಷ್ಟ್ರೇ, ಕಲ್ಲು!’

ಬಾಗಿಲು ತೆಗೆದು ಹಾರಿದೆ. ಕಲ್ಲೆಲ್ಲಿದೆ? ಡಿಕ್ಕಿಯಲ್ಲಿ, ಬಾಳೆಗೊನೆಯ ಕೆಳಗೆ. ರಸ್ತೆಯಲ್ಲಿ ಹುಡುಕಿದರೆ ಗೋಲಿಯಷ್ಟಷ್ಟು ಜಲ್ಲಿ. ಚಂದ್ರಣ್ಣ ಅವತ್ತು ಎಷ್ಟು ತುಳಿದರೂ ಹಿಡಿಯದ ಬ್ರೇಕನ್ನು ಒಂದೇ ಸಮ ತುಳಿಯುತ್ತ ಹಿಂದೆ ತಿರುಗಿ ನೋಡಿದರು. ನೋಡುವಾಗ ಸ್ಟಿಯರಿಂಗೂ ತಿರುಗಿತು. ಕಾರಿನ ಹಿಂಭಾಗ ನೆಟ್ಟಗೆ ನೀರಿನ ಕಡೆ ಹೊರಳಿತು. ಗಾಜಿನ ಹಿಂದೆ ಶಾಂತಕ್ಕನ ಮುಖ. ಮಡಿಲಲ್ಲಿದ್ದ ಹೂವಿನ ಪೊಟ್ಟಣವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಆಗ ಕೇಳಿದ್ದು ಆ ಜಲ್ಲಿಯ ಸದ್ದು. ಬುಳಬುಳ. ಮೌನ. ಚಳ್.

ಆಮೇಲೆ ‘ಠಣ್’ ಎಂದಿತು. ಏರಿಯ ಅಂಚಿನಲ್ಲಿ ಯಾವ ಕಾಲದಲ್ಲೋ ನೆಟ್ಟಿದ್ದ ಗಿಡ್ಡ ಕಲ್ಲಿಗೆ ಬಂಪರ್ ತಾಗಿ ಕಾರು ನಿಂತಿತ್ತು. ಒಂದು ಚಕ್ರದ ಅರ್ಧ ಭಾಗ ಗಾಳಿಯಲ್ಲಿತ್ತು. ಶಾಂತಕ್ಕನನ್ನು ಕೈಹಿಡಿದು ಇಳಿಸಿಕೊಂಡೆವು.

ಮರುದಿನ ಟ್ರ್ಯಾಕ್ಟರಿಗೆ ಕಟ್ಟಿ ಕಾರನ್ನು ಚನ್ನಗಿರಿಗೆ ಎಳೆತಂದರು. ಮೆಕ್ಯಾನಿಕ್ ಮೆಹಬೂಬ್ ಸಾಬರ ಶೆಡ್ಡಿನಲ್ಲಿ ಸಭೆ ಸೇರಿತು. ನಮ್ಮೂರಲ್ಲಿ ಕಾರು ಒಬ್ಬರದು, ಅದರ ಬಗ್ಗೆ ಅಭಿಪ್ರಾಯ ಎಲ್ಲರದು. ಆಯಿಲ್ ಸೋರಿ ಸೋರಿ ಎಂಜಿನ್ ಒಳಗೇ ಹಿಡಿದುಕೊಂಡಿದೆ, ಇನ್ನು ಅದು ಏಳುವುದಿಲ್ಲ ಎಂದು ಸಾಬರು ಹೇಳಿಬಿಟ್ಟರು. ಈಗೇನು ಮಾಡುವುದು? ರಿಪೇರಿಯೋ, ಮಾರಾಟವೋ?

‘ಗುಜರಿಗೆ ಹಾಕಿ ಹೊಸದು ತಗಳ್ರೀ’ ಎಂದರು ಒಬ್ಬರು.

‘ಹೊಸದಾ? ಅದಕ್ಕೆ ವರ್ಷಗಟ್ಟಲೆ ಕಾಯ್ಬೇಕು. ಇವತ್ತು ಬುಕ್ ಮಾಡಿದ್ರೆ ನನ್ನ ಮೊಮ್ಮಗನ ಮದುವೆಗೆ ಬರ್ತೈತೆ’ ಎಂದರು ಚಂದ್ರಣ್ಣ. ‘ಇನ್ನೂ ಮಗಳ ಮದುವೇನೇ ಆಗಿಲ್ಲ.’

‘ಈಗ ಅದೆಂಥದೋ ಪುಟ್ಟ ಕಾರು ಬಂದೈತಂತಲ್ಲ?’

‘ಅದ್ರಾಗೆ ನಾನು ಕೂತ್ರೆ ಇವಳು ಬಸ್ಸಿಗೆ ಬರಬೇಕಾಗ್ತೈತೆ!’ ಎಂದು ಚಂದ್ರಣ್ಣ ಬಾಗಿಲಲ್ಲಿ ನಿಂತಿದ್ದ ಶಾಂತಕ್ಕನ ಕಡೆ ಕೈ ತೋರಿಸಿದರು.

ಸಾಬರು ಮೂರನೆಯ ದಾರಿ ತೋರಿಸಿದರು. ‘ಬಾಡಿ ಗಟ್ಟಿ ಐತೆ ಅಣ್ಣಾರೆ. ಡೀಸೆಲ್ ಎಂಜಿನ್ ಕೂರಿಸಿಬಿಡ್ತೀನಿ. ಗುಡ್ಡ ಹತ್ತಾಕೆ ಆನೆ ಇದ್ದಂಗೆ ಇರ್ತೈತೆ.’

ಆನೆ ಎಂದ ಕೂಡಲೇ ಸಭೆ ಒಪ್ಪಿತು. ನಾನು ಮೆಲ್ಲಗೆ ಕೇಳಿದೆ: ‘ಅದರ ಜೊತೆಗೇ ಬ್ರೇಕೂ ಸರಿ ಮಾಡಿಸಬಹುದಲ್ಲ? ಹ್ಯಾಂಡ್‌ಬ್ರೇಕ್?’

ಎಲ್ಲರೂ ನನ್ನನ್ನು ನೋಡಿದರು.

‘ಅದು ಮೊದಲಿಂದ್ಲೂ ಹಂಗೇ ಐತಲ್ರೀ’ ಎಂದರು ಚಂದ್ರಣ್ಣ. ‘ಕೆಟ್ಟಿದ್ದು ಎಂಜಿನ್ನು.’

‘ಹ್ಯಾಂಡ್‌ಬ್ರೇಕ್ ರಿಪೇರಿಗೆ ಅಂತ ಯಾರೂ ಗಾಡಿ ತಂದಿದ್ದೇ ಇಲ್ಲ ನನ್ನ ಶೆಡ್ಡಿಗೆ’ ಎಂದು ಸಾಬರೂ ನಕ್ಕರು.

ಶಾಂತಕ್ಕ ಬಾಗಿಲಿನಿಂದ ಮುಂದೆ ಬಂದರು. ‘ತಪ್ಪು ನಂದೇ. ಕಲ್ಲು ಅದರ ಜಾಗದಾಗೆ ಇದ್ದಿದ್ರೆ ಏನೂ ಆಗ್ತಿರ್ಲಿಲ್ಲ.’

ಹೌದು ಹೌದು ಎಂದು ಶೆಡ್ಡಿಗೆ ಶೆಡ್ಡೇ ತಲೆಯಾಡಿಸಿತು. ಚಂದ್ರಣ್ಣ ನನ್ನ ಭುಜ ತಟ್ಟಿ, ‘ನೀವೇ ನೋಡಿದ್ರಲ್ಲ ಮೇಷ್ಟ್ರೇ, ಕೊನೆಗೂ ಕಾಪಾಡಿದ್ದು ಕಲ್ಲೇ ಅಲ್ವೇನ್ರೀ?’ ಎಂದರು.

ನನ್ನ ತಲೆಯೂ ಆಡಿತು. ಬಿ.ಎ., ಎಂ.ಎ. ಮಾಡಿದ ತಲೆ.

ನಗುವುದು ಸುಲಭ. ಮನೆಗೆ ಬಂದು ನೋಡಿದೆ. ನಮ್ಮ ಫ್ಯೂಸಿಗೆ ಯಾರೋ ದಪ್ಪ ತಂತಿ ಸುತ್ತಿದ್ದಾರೆ. ಈಗ ಅದು ಹೋಗುವುದೇ ಇಲ್ಲ ಎಂದು ನಾವು ಹೆಮ್ಮೆಪಡುತ್ತಿದ್ದೇವೆ. ಸ್ಟೋವಿನ ವಾಷರ್ ಸೋರುತ್ತದೆ, ಅದಕ್ಕೆ ಸೋಪು ಹಚ್ಚಿದ್ದೇವೆ. ಬಾವಿಯ ಕಟ್ಟೆ ಒಂದು ಕಡೆ ಬಿದ್ದಿದೆ, ಅಲ್ಲೊಂದು ಮುರಿದ ಕುರ್ಚಿ ಇಟ್ಟಿದ್ದೇವೆ. ಬಂದವರೆಲ್ಲ ‘ಒಳ್ಳೇ ಐಡಿಯಾ’ ಎನ್ನುತ್ತಾರೆ. ಓಡದೆ ನಿಂತದ್ದನ್ನು ನಾವು ಅವತ್ತೇ ರಿಪೇರಿಗೆ ಕೊಡುತ್ತೇವೆ. ನಿಲ್ಲಬೇಕಾದಾಗ ನಿಲ್ಲದೆ ಓಡುವುದಕ್ಕೆ ಮಾತ್ರ ಏನಾದರೊಂದು ಅಡ್ಡ ಇಟ್ಟು ಅಭ್ಯಾಸ ಮಾಡಿಕೊಳ್ಳುತ್ತೇವೆ. ಅಭ್ಯಾಸವಾದ ಮೇಲೆ ಅದಕ್ಕೆ ವಿಭೂತಿಯನ್ನೂ ಹಚ್ಚುತ್ತೇವೆ.

ಮೊನ್ನೆ ಮನೆ ಮುಂದೆ ದೊಡ್ಡ ಸದ್ದಾಯಿತು. ಕಿಟಕಿಯ ಗಾಜು ಗಡಗಡ ಅಂದಿತು. ಹೊರಗೆ ಬಂದರೆ ಚಂದ್ರಣ್ಣನ ಕಾರು. ಡೀಸೆಲ್ ಎಂಜಿನ್, ಹೊಸ ಪೇಂಟ್. ಹೊನ್ನಾಳಿಯವರು ಸಂಬಂಧ ಬಿಟ್ಟಿಲ್ಲ, ಬನ್ನಿ ಎಂದು ಮತ್ತೆ ಹೇಳಿಕಳಿಸಿದ್ದಾರೆ. ಅದೇ ದಾರಿ, ಅದೇ ಏರಿ. ಆವತ್ತು ಕೈಮುಗಿಯುವುದು ಬಾಕಿ ಉಳಿದಿತ್ತಲ್ಲ.

ಈ ಸಲ ಮುಂದಿನ ಸೀಟಿನಲ್ಲಿ ಶಾಂತಕ್ಕನೇ ಕೂತಿದ್ದರು. ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ. ಮಡಿಲಲ್ಲಿ ಟವೆಲ್ ಹಾಸಿ ಅದರ ಮೇಲೆ ಕಲ್ಲನ್ನು ಇಟ್ಟುಕೊಂಡಿದ್ದರು. ಹಸುಗೂಸನ್ನು ಹಿಡಿದ ಹಾಗೆ.

‘ಇನ್ನ ಹೆದರಿಕೆ ಇಲ್ಲ, ಹತ್ರೀ ಮೇಷ್ಟ್ರೇ’ ಎಂದರು ಚಂದ್ರಣ್ಣ.

ಕಾಲೇಜಿದೆ ಎಂದೆ. ಅವರಿಬ್ಬರೇ ಹೋದರು. ಕಾರಿನ ಸದ್ದು ತಿರುವಿನಲ್ಲಿ ಕರಗುವವರೆಗೂ ನಾನು ಬಾಗಿಲಲ್ಲೇ ನಿಂತಿದ್ದೆ. ಸಂಜೆ ಅದು ಮತ್ತೆ ಕೇಳಿಸುವವರೆಗೂ ಒಳಗೆ ಹೋಗಿ ಕೂರಲು ಆಗಲಿಲ್ಲ.

ಸಂಬಂಧ ಕುದುರಿದೆ. ಮುಂದಿನ ವಾರ ಮಾತುಕತೆಗೆ ಮತ್ತೆ ಹೊರಡುತ್ತಾರೆ. ಹಿಂದಿನ ಸೀಟು ಪೂರಾ ಖಾಲಿಯಿದೆಯಂತೆ, ನೀವು ಬರುತ್ತೀರಾ?